ವಾಪಸ್ ಬಂದ ಕೋಳಿ

ಪಿತೃಪಕ್ಷದ ಎಡೆಗೆಂದು ಚಿಕ್ಕತಾಯಮ್ಮ ಕೋಳಿ ತೊಳೆಯುತ್ತಿದ್ದಳು. ರಫ್ತು ಕಂಪನಿಯಲ್ಲಿ ಮಾಂಸದ ತಪಾಸಣೆ ಮಾಡುವ ಗಂಡ ತಂದುಕೊಟ್ಟದ್ದು.

"ರೋಗಾಣು ಐತೆ ಅಂತ ಹೊರದೇಶದೋರು ವಾಪಸ್ ಕಳ್ಸಿದ್ರಲ್ಲ, ಅದಲ್ಲ ತಾನೆ?"

"ಅದನ್ನ ಮನೆಗೆ ತತ್ತೀನಾ, ಹುಚ್ಚಿ?"

"ಅದನ್ನೆಲ್ಲ ಸುಡ್ಸಿ ಅಂತ ಸರ್ಕಾರಕ್ಕೆ ನೀವು ಬರೆದ ಕಾಗದ ಇನ್ನೂ ನಿಮ್ಮ ಜೇಬಲ್ಲೇ ಐತೆ."

"ಕಳ್ಸಿದ್ರೆ ಕೆಲಸ ಹೋಯ್ತದೆ ಕಣೆ. ಸಾಹುಕಾರ್ರು ಹೋದ ವರ್ಷದಂಗೆ ಹಾಸ್ಟೆಲ್‌ಗಳಿಗೆ ಅಗ್ಗಕ್ಕೆ ಕೊಟ್ಟುಬಿಡ್ತಾರೆ."

ತೊಳೆಯುತ್ತಿದ್ದ ಕೈ ನಿಂತಿತು.

"ಹೋದ ವರ್ಷಾನೂ ಹಾಸ್ಟೆಲ್‌ಗೇ ಕೊಟ್ಟಿದ್ರಾ?"

ಅವನು ಚಪ್ಪಲಿ ಮೆಟ್ಟದೆ ಬೀದಿಗಿಳಿದ.

ಹೋದ ವರ್ಷ ಹಾಸ್ಟೆಲಿನ ಊಟ ಮಾಡಿ ವಾಂತಿಭೇದಿಯಲ್ಲಿ ತೀರಿಹೋದ ಮಗಳ ಫೋಟೊದ ಮುಂದೆ ಅವಳು ಬರೀ ಅನ್ನದ ಎಡೆ ಇಡುವಷ್ಟರಲ್ಲಿ, ಅವನು ಆ ಕಾಗದವನ್ನು ಅಂಚೆಗೆ ಹಾಕಿ ಬಂದಿದ್ದ.