ಅಪ್ಪ ತಂದ ಬಟ್ಟೆಯ ನಕಾಶೆ

ಗಂಜಿ ಹಾಕಿದ ಸೀರೆಗೆ ಇಸ್ತ್ರಿ ತಾಗಿ ಏಳುವ ವಾಸನೆಗೆ ಇಂದಿಗೂ ನನಗೆ ಪುಣೆಯ ಬಿಬವೇವಾಡಿಯ ನಮ್ಮ ಎರಡು ಕೋಣೆಯ ಮನೆ ನೆನಪಾಗುತ್ತದೆ.

ಅಪ್ಪ ಜಾಗ ಮಾರುವವರ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಒಮ್ಮೆ ಅಲ್ಲಿ ಎಸೆಯಲಿಟ್ಟಿದ್ದ ಹಳೆಯ ನಕಾಶೆಯೊಂದನ್ನು ಮನೆಗೆ ತಂದರು. ಬ್ರಿಟಿಷರ ಕಾಲದ ಬಂಗಲೆಗಳ ಬಡಾವಣೆಯ ನಕಾಶೆ ಅದು. ಗಂಜಿಯಿಂದ ಬಿರುಸಾಗಿದ್ದ ಬಟ್ಟೆಯ ಮೇಲೆ ಒಂದೊಂದು ಮನೆ, ಬಾವಿ, ಮಾವಿನಮರ ಎಲ್ಲವನ್ನೂ ನೀಲಿ ಶಾಯಿಯಲ್ಲಿ ಬರೆದಿದ್ದರು.

"ನಿನಗ ಯಾವ್ದು ಬೇಕವ್ವಾ? ಆರಿಸ್ಕೋ" ಎಂದರು ಅಪ್ಪ. ನಾನು ಬಾವಿಯಿದ್ದ ಮೂಲೆಯ ಬಂಗಲೆಯ ಮೇಲೆ ಬೆರಳಿಟ್ಟೆ.

ಮರುದಿನ ಮಧ್ಯಾಹ್ನ ಶಾಲೆಯಿಂದ ಬಂದರೆ, ಅಜ್ಜಿ ಆ ನಕಾಶೆಯನ್ನು ಬಿಸಿನೀರಿನಲ್ಲಿ ನೆನೆಸಿ ತಿಕ್ಕುತ್ತಿದ್ದಳು. ನೀರೆಲ್ಲ ನೀಲಿಯಾಗಿತ್ತು. ಬಟ್ಟೆಯ ಮೇಲೆ ಒಂದು ಬಂಗಲೆಯೂ ಉಳಿದಿರಲಿಲ್ಲ.

"ನೋಡ, ಎಷ್ಟು ಮೆತ್ತಗ ಅದ! ಕೂಸಿಗೆ ಎರಡು ಅಂಗಿ ಆಗ್ತಾವ" ಎಂದಳು. ತಮ್ಮ ಹುಟ್ಟಿ ಇನ್ನೂ ತಿಂಗಳಾಗಿರಲಿಲ್ಲ. ನಾನು ಗೋಳೋ ಎಂದು ಅತ್ತೆ.

ಸಂಜೆ ಬಂದ ಅಪ್ಪ, ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆಯನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿ ನೋಡಿದರು.

"ಭಾಳ ಛಲೋ ಅರಿವಿ ಅದ ನೋಡವ್ವಾ" ಎಂದು ಅಜ್ಜಿಗೆ ಹೇಳಿದರು. ಆಮೇಲೆ ನನ್ನ ಪಕ್ಕ ಕುಳಿತು ಮೆಲ್ಲಗೆ, "ನಾನೂ ಒಂದು ಆರಿಸಿದ್ದೆ" ಎಂದರು.

"ಯಾವ್ದಪ್ಪಾ?"

"ನಿನ್ನ ಮನಿ ಬಾಜೂದ."