ತಂಗಿಯ ಉಸಿರಿಗೊಂದು ಬಿಲ್ಡ್

ರೋಗಿಯ ಉಸಿರಾಟದ ಯಂತ್ರ ನಡೆಸುವ ತಂತ್ರಾಂಶವನ್ನು, ಅಂದರೆ ಒಂದು ಜಾವಾ ವೆಬ್ ಅಪ್ಲಿಕೇಶನ್ನನ್ನು, ಮನೆಯವರೇ ಕಂಪ್ಯೂಟರಿನಲ್ಲಿ ಕಟ್ಟಬೇಕು; ಎಲ್ಲ ಆಸ್ಪತ್ರೆಗಳಲ್ಲೂ ಅದೇ ಪದ್ಧತಿ. ಅದಕ್ಕೂ ಮೊದಲು ಮಾದರಿ ಪ್ರಾಜೆಕ್ಟೊಂದನ್ನು ಕಟ್ಟಿ ತೋರಿಸಬೇಕು. ಮೂರು ಸಲ ತಪ್ಪಿದರೆ ಯಂತ್ರ ಬೇರೆಯವರ ಪಾಲು.

ವಾರ್ಡಿನ ಹೊರಗೆ ಕಂಪ್ಯೂಟರಿನ ಮುಂದೆ ಕೂತಿದ್ದ ನೀಲವ್ವ ಆಗಲೇ ಎರಡು ಸಲ ತಪ್ಪಿದ್ದಳು. ಒಳಗೆ ಅವಳ ತಂಗಿ ಗಂಗವ್ವನಿಗಾಗಿ ನರ್ಸು ಕೈಯಿಂದಲೇ ಗಾಳಿಚೀಲ ಒತ್ತುತ್ತಿದ್ದಳು.

"ಫೋಲ್ಡರಿನ ಹೆಸರಿನ್ಯಾಗ ಒಂದಕ್ಷರ ಬಿಟ್ಟೀರಲ್ರಿ," ಎಂದ, ಪಕ್ಕದ ಕಂಪ್ಯೂಟರಿನಲ್ಲಿ ತನ್ನ ಹೆಂಡತಿಗಾಗಿ ಪ್ರಾಜೆಕ್ಟ್ ಕಟ್ಟುತ್ತಿದ್ದ ಮುದುಕ.

ನೀಲವ್ವ ಆ ಅಕ್ಷರ ಸೇರಿಸಿ, ಕಟ್ಟುವ ಕೆಲಸ ಶುರು ಮಾಡುವ 'ಬಿಲ್ಡ್' ಗುಂಡಿ ಒತ್ತಿದಳು. ಪರದೆಯ ಮೇಲೆ ಸಾಲುಗಳು ಓಡಿದವು, ನಿಂತವು, ಮತ್ತೆ ಓಡಿದವು. ಕೊನೆಗೆ ಬಿಳಿ ಪುಟದಲ್ಲಿ 'ನಮಸ್ಕಾರ' ಎಂದು ಮೂಡಿತು. ಅವಳು ಅಳುತ್ತಲೇ ನಕ್ಕಳು.

ನರ್ಸು ಒಳಗಿನಿಂದಲೇ ಕೂಗಿದಳು: "ಮಾದರಿ ಆತಿಲ್ಲೋ? ಇನ್ನ ಖರೇದ್ದು ಶುರು ಮಾಡ್ರಿ, ಅಕ್ಕಾರ. ನನ್ನ ಕೈ ಸೋಲಾಕತ್ತಾವು."