ಹುರುಳಿ ಬಡಿಯುವ ಬಂಡೆ

ಅಡುಗೆಮನೆಯ ಕರಿಕಲ್ಲಿನ ಕಟ್ಟೆ ಒರೆಸಿದಾಗ ಈಗಲೂ ಹರವೆಯ ನಮ್ಮ ಹೊಲದ ಬಂಡೆಯ ವಾಸನೆ ಬರುತ್ತದೆ.

ನಾನಾಗ ಮೂರನೇ ಕ್ಲಾಸು. ಮಂಗಳವಾರ ಮಧ್ಯಾಹ್ನ. ಆ ಬಂಡೆಯೇ ನಮ್ಮ ಕಣ. ಅಜ್ಜಿ, ಅಪ್ಪ ಬರಿಗಾಲಲ್ಲಿ ನಿಂತು ಹುರುಳಿ ಬಡಿಯುತ್ತಿದ್ದರು. ಚಿಕ್ಕಪ್ಪ ಬೂಟುಗಾಲಲ್ಲೇ ಬಂಡೆ ಹತ್ತಿಬಂದ. ಅವನ ಹಿಂದೆ ಸುತ್ತಿಗೆ ಹಿಡಿದ ಕಲ್ಲು ಕ್ವಾರಿಯ ಮೇಸ್ತ್ರಿ.

“ಬಂಡೆಯ ಕ್ವಾರಿಗೆ ಬರ್ಕೊಟ್ಬುಟ್ಟೆ ಕಣಣ್ಣ. ನಾಳೆ ಸಿಡಿಸ್ತಾರೆ. ಉರುಳಿ ಬಡ್ಯಾಕೆ ಟಾರ್ ರೋಡಿಲ್ವಾ?” ಎಂದು ನಕ್ಕ.

“ಅವ್ವನ್ನ ಲಾರಿ ಅಡೀಕಾಕೀಯೇನ್ಲಾ?” ಎಂದ ಅಪ್ಪ, ಕೈಯಲ್ಲಿದ್ದ ದೊಣ್ಣೆಯನ್ನೇ ಬೀಸಿದ. ಚಿಕ್ಕಪ್ಪನ ಹಣೆ ಸೀಳಿತು. ಬಿದ್ದವನ ಬೆನ್ನಿಗೂ ಬಡಿಯುತ್ತಲೇ ಇದ್ದ. ರಕ್ತ ಹುರುಳಿಯೊಳಕ್ಕೆ ಹರಿಯಿತು. ಚಿಕ್ಕಪ್ಪ ತಡಕಾಡಿ ಮೇಸ್ತ್ರಿಯ ಸುತ್ತಿಗೆ ಎತ್ತಿದ.

ಅಜ್ಜಿ ಇಬ್ಬರ ನಡುವೆ ಹೋಗಿ ಬಿದ್ದಳು. ಮಕ್ಕಳ ಕಡೆ ತಿರುಗಲಿಲ್ಲ, ಮೇಸ್ತ್ರಿಗೆ ಹೇಳಿದಳು:

“ನಾಳೆಗಂಟ ಬ್ಯಾಡ ಕಣಪ್ಪ. ಈ ಬಂಡೆಯ ಈಗ್ಲೇ ಸಿಡಿಸ್ಬುಡು.”